ಹಳೇ ಪಾಯಿಂಟ್ ಟೂ ಟೂಗೆ ಸಾವಿಲ್ಲವೇ?

ತಲೆಬರಹ ನೋಡಿ ಇದೇನು ಕ್ರಿಕೆಟ್ ಸ್ಕೋರೋ ಗಣಿತದ ಲೆಕ್ಕವೋ ಅಂದ್ಕೋಬೇಡಿ. ನಾನು ಹೇಳಹೊರಟಿರೋದು ಒಂದು ತೋಟಾದ ಬಗ್ಗೆ. ಅಡಿಕೆ ತೋಟ ಅಲ್ಲ, ಕೋವಿಗೆ ಹಾಕುವ ತೋಟಾ :-)

ಎನ್‌ಸಿಸಿಯಲ್ಲಿ ಇದ್ದವರಿಗೆ ಇದು ಗೊತ್ತೇ ಇರುತ್ತೆ. ಕ್ಯಾಂಪಿನಲ್ಲಿ ನೆಲದ ಮೇಲೆ ಮಲಗಿಸಿ, ಎಣಿಸಿ ಕೊಡುತ್ತಿದ್ದರಲ್ಲ, ಕಿರುಬೆರಳಿಗಿಂತ ಸಣ್ಣ ಹಿತ್ತಾಳೆ ತೋಟಾ, ಅದೇ .22. ಪೂರ್ತಿ ಹೆಸರು .22 ಲಾಂಗ್ ರೈಫಲ್. ಜೀವನದಲ್ಲಿ ಒಂದೇ ಒಂದು ಸಲ ಕೋವಿ ಹಿಡಿದ ಕನ್ನಡಿಗರಲ್ಲಿ ಬಹಳಷ್ಟು ಜನ ಹೊಡೆದದ್ದು ಇದನ್ನೇ ಇರಬೇಕು. ಇದು ಮಾರುಕಟ್ಟೆಗೆ ಬಂದದ್ದು 1887ರಲ್ಲಿ, ಅಮೆರಿಕದಲ್ಲಿ. ಮೊಬೈಲನ್ನು ಮೂರು ವರ್ಷಕ್ಕೊಮ್ಮೆ ಬದಲಾಯಿಸುವ ನಮ್ಮಂಥವರಿಗೆ, 1887ರ ಒಂದು ಡಿಸೈನ್ ಇವತ್ತಿಗೂ ಒಲಿಂಪಿಕ್ಸ್‌ನಲ್ಲಿ ಓಡ್ತಾ ಇದೆ ಅಂದ್ರೆ ಸ್ವಲ್ಪ ವಿಚಿತ್ರ ಅನ್ನಿಸೋದು ಸಹಜ.

ಅಮೆರಿಕದ ಕಂಪನಿಗಳು ಸುಮ್ಮನೆ ಕೂತಿಲ್ಲ. 2002ರಲ್ಲಿ ಹಾರ್ನಡಿಯ .17 ಎಚ್‌ಎಂಆರ್ ಬಂತು. 2004ರಲ್ಲಿ .17 ಮ್ಯಾಕ್ 2. 2013ರಲ್ಲಿ ವಿಂಚೆಸ್ಟರ್‌ನ .17 ಡಬ್ಲ್ಯೂಎಸ್‌ಎಂ. 2024ರಲ್ಲಿ ಅದೇ ಕಂಪನಿಯಿಂದ .21 ಶಾರ್ಪ್. ಪ್ರತಿ ಸಲವೂ ಅದೇ ಪ್ರಶ್ನೆ: ಹಾಗಾದ್ರೆ ಹಳೇ .22ರ ಕಥೆ ಮುಗೀತಾ?

ನನ್ನ ಉತ್ತರ ಮೊದಲೇ ಹೇಳಿಬಿಡ್ತೀನಿ. ಹೆಚ್ಚು ವೇಗದ ತೋಟಾ ಬಂತು ಅಂತ .22 ಹೋಗೋದಿಲ್ಲ. ಅದಕ್ಕೆ ನಿಜವಾದ ಅಪಾಯ ಇರೋದು ಅದರ ಹೊಟ್ಟೆಯೊಳಗಿನ ಸೀಸದಿಂದ. ಯಾಕೆ ಅಂತ ನೋಡೋಣ.

ಮೊದಲು ಒಂದು ಸಣ್ಣ ಪಾಠ. ದೊಡ್ಡ ರೈಫಲ್ ತೋಟಾಗಳಲ್ಲಿ ತಳದ ನಟ್ಟನಡುವೆ ಪುಟ್ಟ ಬಟ್ಟಲಿನಂಥ ಪ್ರೈಮರ್ ಇರುತ್ತೆ. ಈ ಸಣ್ಣ ತೋಟಾಗಳಲ್ಲಿ ಹಾಗಿಲ್ಲ. ಕವಚದ ತಳದ ಅಂಚಿನ ಒಳಗೇ ಸಿಡಿಮದ್ದು ಸವರಿರುತ್ತಾರೆ. ಕೋವಿಯ ಪಿನ್ ಆ ಅಂಚನ್ನು ಜಜ್ಜಿದರೆ ಕಿಡಿ ಹೊತ್ತುತ್ತೆ. ಅದಕ್ಕೇ ಇವುಗಳಿಗೆ ರಿಮ್‌ಫೈರ್ ಅಂತ ಹೆಸರು. ಅಂಚು ಜಜ್ಜಿಹೋಗಬೇಕು ಅಂದರೆ ಹಿತ್ತಾಳೆ ತೆಳ್ಳಗಿರಬೇಕು. ತೆಳ್ಳಗಿದ್ದರೆ ಹೆಚ್ಚು ಒತ್ತಡ ತಡೆಯಲ್ಲ. .22 ಎಲ್‌ಆರ್‌ಗೆ ಚದರ ಇಂಚಿಗೆ 24,000 ಪೌಂಡ್ ಗರಿಷ್ಠ ಮಿತಿ. ಸೆಂಟರ್‌ಫೈರ್ ರೈಫಲ್ ತೋಟಾಗಳಲ್ಲಿ ಇದು 50,000 ದಾಟೋದು ಮಾಮೂಲು. ಜೊತೆಗೆ ಒಮ್ಮೆ ಹೊಡೆದ ರಿಮ್‌ಫೈರ್ ಕವಚವನ್ನು ಮತ್ತೆ ತುಂಬಿಸಿ ಬಳಸೋಕೆ ಆಗಲ್ಲ, ನೇರ ಗುಜರಿಗೆ. ಆದರೆ ಮಾಡೋದು ಸುಲಭ, ಅಗ್ಗ. ಈ ಇಡೀ ಕುಟುಂಬದ ಬದುಕು ನಿಂತಿರೋದೇ ಆ ಒಂದು ಮಾತಿನ ಮೇಲೆ.

ಈಗ ಹೊಸಬರ ಕಡೆ ಬರೋಣ. .17 ಎಚ್‌ಎಂಆರ್ ಮಾಡಿದ್ದು ಹೀಗೆ: ವಿಂಚೆಸ್ಟರ್ 1959ರಲ್ಲಿ ತಂದಿದ್ದ .22 ಮ್ಯಾಗ್ನಮ್ ಕವಚ ತಗೊಂಡು, ಅದರ ಕತ್ತು ಹಿಸುಕಿ, 17 ಗ್ರೇನ್‌ನ ಪುಟಾಣಿ ಗುಂಡು ಕೂರಿಸಿದರು. (ಒಂದು ಗ್ರಾಮ್‌ಗೆ ಸುಮಾರು ಹದಿನೈದೂವರೆ ಗ್ರೇನ್.) ವೇಗ ಸೆಕೆಂಡಿಗೆ 2550 ಅಡಿ. ಮಾಮೂಲಿ .22 ಎಲ್‌ಆರ್‌ನ ಗುಂಡು 40 ಗ್ರೇನ್, ವೇಗ ಸುಮಾರು 1200 ಅಡಿ. ವ್ಯತ್ಯಾಸ ಏನು ಅಂದರೆ, 50 ಗಜಕ್ಕೆ ಗುರಿ ಹೊಂದಿಸಿದ .22, 100 ಗಜ ತಲುಪೋ ಹೊತ್ತಿಗೆ ಆರೇಳು ಇಂಚು ಕೆಳಗೆ ಬಿದ್ದಿರುತ್ತೆ. .17 ಅಷ್ಟು ದೂರ ಹೆಚ್ಚುಕಮ್ಮಿ ನೇರವಾಗೇ ಹೋಗುತ್ತೆ. ಅಮೆರಿಕದ ಬಯಲುಗಳಲ್ಲಿ ಹೊಲ ಹಾಳುಮಾಡೋ ಅಳಿಲು, ಪ್ರೇರಿ ಡಾಗ್ ಹೊಡೆಯೋರಿಗೆ ಇದು ವರ. ಗಾಳಿ ಬೀಸಿದರೆ ಮಾತ್ರ ಆ ಹಗುರ ಗುಂಡು ಪಕ್ಕಕ್ಕೆ ಜಾರುತ್ತೆ, ಅದು ಬೇರೆ ಮಾತು.

.17 ಡಬ್ಲ್ಯೂಎಸ್‌ಎಂ ಇನ್ನೂ ಮಜಾ ಇದೆ. ಕಾಂಕ್ರೀಟಿಗೆ ಮೊಳೆ ಹೊಡೆಯೋ ಯಂತ್ರ ನೋಡಿದ್ದೀರಲ್ಲ? ಅದರಲ್ಲಿ ಬಳಸುವ .27 ಖಾಲಿ ತೋಟಾದ ಗಟ್ಟಿ ಕವಚವನ್ನೇ ತಂದು ಅದಕ್ಕೆ 20 ಗ್ರೇನ್ ಗುಂಡು ಕೂರಿಸಿದರು. ಒತ್ತಡ 33,000 ಪೌಂಡ್, ವೇಗ 3000 ಅಡಿ. ರಿಮ್‌ಫೈರ್ ಲೋಕದ ಫೆರಾರಿ ಅನ್ನಿ.

ಸ್ಪೆಕ್ ಶೀಟ್ ನೋಡಿದರೆ .22 ಎಲ್ಲಾ ಸಾಲಿನಲ್ಲೂ ಸೋತಿದೆ. ಆದರೂ .22 ಎಲ್‌ಆರ್ ಅಲ್ಲಾಡಿಲ್ಲ. .17 ಎಚ್‌ಎಂಆರ್ ತಿಂದದ್ದು ತನ್ನ ಅಪ್ಪ .22 ಮ್ಯಾಗ್ನಮ್‌ನ ಪಾಲನ್ನು, .22 ಎಲ್‌ಆರ್‌ನದ್ದನ್ನಲ್ಲ. ಮ್ಯಾಕ್ 2 ಅಂತೂ ಬಂದ ಕೆಲವೇ ವರ್ಷಕ್ಕೆ ಹೆಚ್ಚಿನ ಕೋವಿ ಕಂಪನಿಗಳ ಪಟ್ಟಿಯಿಂದ ಮಾಯವಾಯ್ತು, ಆಮೇಲೆ ಅಲ್ಲಲ್ಲಿ ತಲೆ ಎತ್ತಿದೆ ಅಷ್ಟೇ.

ಯಾಕೆ ಹೀಗೆ? ಬೆಲೆ ಒಂದು ಕಾರಣ. .17 ತೋಟಾ ಒಂದಕ್ಕೆ .22ರ ಕಡೇಪಕ್ಷ ಎರಡು ಮೂರು ಪಟ್ಟು ದುಡ್ಡು. ಕಲಿಯೋ ಹುಡುಗ ಒಂದು ಮಧ್ಯಾಹ್ನಕ್ಕೆ ನೂರು ಸಲ ಹೊಡೆಯಬೇಕು ಅಂದರೆ ಇದು ಸಣ್ಣ ವಿಷಯ ಅಲ್ಲ. ಯಂತ್ರ ಇನ್ನೊಂದು ಕಾರಣ. .22ರ ಒತ್ತಡ ಕಡಿಮೆ, ಹಾಗಾಗಿ ಸೆಮಿ ಆಟೋಮ್ಯಾಟಿಕ್ ಕೋವಿಯಲ್ಲಿ ಬೀಗ ಹಾಕುವ ತಾಪತ್ರಯ ಇಲ್ಲ, ಬೋಲ್ಟಿನ ಭಾರ ಮತ್ತು ಒಂದು ಸ್ಪ್ರಿಂಗ್ ಸಾಕು. 1964ರಲ್ಲಿ ಬಂದ ರೂಗರ್ 10/22 ಹೀಗೇ ಕೆಲಸ ಮಾಡೋದು, ಐವತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಗಿದೆ. ಇದೇ ಸರಳ ಯಂತ್ರಕ್ಕೆ .17 ಎಚ್‌ಎಂಆರ್ ಹಾಕೋದು ಅಷ್ಟು ಸುಲಭ ಇರಲಿಲ್ಲ. 2009ರಲ್ಲಿ ರೆಮಿಂಗ್ಟನ್ ತನ್ನ 597 ಮಾಡೆಲ್‌ನ .17 ಎಚ್‌ಎಂಆರ್ ಕೋವಿಗಳನ್ನು ವಾಪಸ್ ಕರೆಸಿಕೊಳ್ಳಬೇಕಾಯ್ತು.

ಆದರೆ ನನಗೆ ಮುಖ್ಯ ಅನ್ನಿಸೋದು ಮೂರನೇ ಕಾರಣ. ಇದು ನಮ್ಮ ಸಾಫ್ಟ್‌ವೇರ್ ಮಂದಿಗೆ ಚೆನ್ನಾಗಿ ಅರ್ಥವಾಗುತ್ತೆ.

.22 ಎಲ್‌ಆರ್‌ಗಿಂತ ಮೊದಲು .22 ಶಾರ್ಟ್ ಇತ್ತು (1857, ಸ್ಮಿತ್ ಅಂಡ್ ವೆಸ್ಸನ್‌ನ ಮೊದಲ ರಿವಾಲ್ವರ್‌ಗಾಗಿ), ಆಮೇಲೆ .22 ಲಾಂಗ್ ಬಂತು (1871). ಅವೆರಡೂ ಈಗ ಮೂಲೆ ಸೇರಿವೆ. ಅಂದರೆ ಹಳೇ ತೋಟಾ ಸಾಯೋದೇ ಇಲ್ಲ ಅನ್ನೋದು ಸುಳ್ಳು. .22 ಎಲ್‌ಆರ್ ತನ್ನ ಅಣ್ಣಂದಿರಿಬ್ಬರನ್ನೂ ನುಂಗಿ ನೀರು ಕುಡಿದಿದೆ. ಹೇಗೆ? ಎಲ್‌ಆರ್‌ಗೆ ಅಂತ ಮಾಡಿದ ನಳಿಗೆಯಲ್ಲಿ ಶಾರ್ಟ್, ಲಾಂಗ್ ಎರಡನ್ನೂ ಹಾಕಿ ಹೊಡೆಯಬಹುದು. ಹೊಸ ಕೋವಿ ಕೊಂಡವನು ಮನೆಯಲ್ಲಿದ್ದ ಹಳೇ ಡಬ್ಬಿ ಬಿಸಾಕಬೇಕಾಗಿ ಬರಲಿಲ್ಲ.

ಯುಟಿಎಫ್-8 ಗೆದ್ದದ್ದೂ ಇದೇ ಉಪಾಯದಿಂದ ಅಲ್ಲವೇ? 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಅದನ್ನು ಮಾಡಿದಾಗ, ಹಳೆಯ ಆಸ್ಕಿ ಫೈಲ್ ಪ್ರತಿಯೊಂದೂ ಏನೂ ಬದಲಾಯಿಸದೆ ತಾನಾಗೇ ಸರಿಯಾದ ಯುಟಿಎಫ್-8 ಫೈಲ್ ಆಗುವ ಹಾಗೆ ಮಾಡಿದರು. ಹಳೆಯದಕ್ಕೆ ಬಾಗಿಲು ಹಾಕಲಿಲ್ಲ. .17ಗಳು ಬಾಗಿಲು ಹಾಕಿದವು. ಹೊಸ ನಳಿಗೆ, ಹೊಸ ತೋಟಾ, ಹಳೇ ಡಬ್ಬಿಗೆ ಅಲ್ಲಿ ಜಾಗವಿಲ್ಲ.

ಇದರಲ್ಲಿ ಬಡಪಾಯಿಗಳೂ ಇದ್ದಾರೆ. ರೆಮಿಂಗ್ಟನ್ 1970ರ ಸುಮಾರಿಗೆ 5 ಎಂಎಂ ಮ್ಯಾಗ್ನಮ್ ಅಂತ ರಿಮ್‌ಫೈರ್ ತಂದಿತ್ತು. ಆ ಕಾಲಕ್ಕೆ ಭಾರೀ ಚುರುಕು. ಕೋವಿ ಕೆಲವೇ ವರ್ಷಕ್ಕೆ ನಿಂತಿತು, ಆಮೇಲೆ ತೋಟಾನೂ ನಿಂತಿತು. ರಿಮ್‌ಫೈರ್ ಕವಚ ಮತ್ತೆ ತುಂಬಿಸೋ ಹಾಗಿಲ್ಲ ಅಂತ ಆಗಲೇ ಹೇಳಿದೆನಲ್ಲ, ಹಾಗಾಗಿ ಆ ಕೋವಿ ಕೊಂಡವರಿಗೆ ಉಳಿದದ್ದು ಗೋಡೆಗೆ ನೇತುಹಾಕೋ ಅಲಂಕಾರ. 2008ರಲ್ಲಿ ಮೆಕ್ಸಿಕೋದ ಅಗಿಲಾ ಕಂಪನಿ ಮತ್ತೆ ಆ ತೋಟಾ ಮಾಡೋವರೆಗೆ ಕಾಯಬೇಕಾಯ್ತು. ವೆಂಡರ್ ಸಪೋರ್ಟ್ ನಿಂತ ಪ್ಲಾಟ್‌ಫಾರ್ಮ್ ಮೇಲೆ ಕೋಡ್ ಬರೆದವರಿಗೆ ಈ ನೋವು ಗೊತ್ತು.

ಇನ್ನು ನಮ್ಮ ದೇಶದ ಮಟ್ಟಿಗೆ .17ಗೆ ಕೆಲಸವೇ ಇಲ್ಲ. ಬೇಟೆ 1972ರ ವನ್ಯಜೀವಿ ಕಾಯ್ದೆಯಿಂದ ಮುಚ್ಚಿಹೋಗಿದೆ. ಉಳಿದದ್ದು ಕ್ರೀಡೆ. ಅಂತಾರಾಷ್ಟ್ರೀಯ ಶೂಟಿಂಗ್ ಫೆಡರೇಶನ್ 25 ಮತ್ತು 50 ಮೀಟರ್ ಒಲಿಂಪಿಕ್ ಸ್ಪರ್ಧೆಗಳಿಗೆ .22 ಎಲ್‌ಆರ್ ಅಂತಲೇ ನಿಯಮ ಮಾಡಿದೆ. ಬೆಂಗಳೂರಿನ ಪ್ರಕಾಶ್ ನಂಜಪ್ಪ, ಕೆನಡಾದಲ್ಲಿ ಸಾಫ್ಟ್‌ವೇರ್ ಕೆಲಸ ಮಾಡಿ ಬಂದವರು (ನಮ್ಮ ಜಾತಿಯವರೇ!), 2016ರ ರಿಯೋದಲ್ಲಿ 50 ಮೀಟರ್ ಪಿಸ್ತೂಲ್ ಸ್ಪರ್ಧೆಯಲ್ಲಿ ಇದನ್ನೇ ಹೊಡೆದದ್ದು. 2012ರಲ್ಲಿ ವಿಜಯ್ ಕುಮಾರ್‌ಗೆ ಬೆಳ್ಳಿ, 2024ರಲ್ಲಿ ಪ್ಯಾರಿಸ್‌ನಲ್ಲಿ ಸ್ವಪ್ನಿಲ್ ಕುಸಾಳೆಗೆ ಕಂಚು ತಂದುಕೊಟ್ಟದ್ದೂ ಇದೇ ತೋಟಾ. ಅಲ್ಲಿ ವೇಗ ಬೇಕಾಗೇ ಇಲ್ಲ. ಸ್ಪರ್ಧೆಯ ತೋಟಾಗಳನ್ನು ಬೇಕಂತಲೇ ಸೆಕೆಂಡಿಗೆ 1050ರಿಂದ 1085 ಅಡಿ ಆಸುಪಾಸಿನಲ್ಲಿ, ಅಂದರೆ ಶಬ್ದದ ವೇಗಕ್ಕಿಂತ ಕಡಿಮೆ ಇಡ್ತಾರೆ. ಶಬ್ದದ ವೇಗ ದಾಟಿದ ಗುಂಡು ಮತ್ತೆ ಆ ಗೆರೆಯ ಕೆಳಗೆ ಇಳಿಯುವಾಗ ಅಲುಗಾಡುತ್ತೆ, ಗುರಿ ಕೆಡುತ್ತೆ. ಸ್ಪೆಕ್ ಶೀಟಿನಲ್ಲಿ ಸೋತ ಅಂಶವೇ ಇಲ್ಲಿ ಗೆಲುವು.

ಹಾಗಾದರೆ .22 ಚಿರಂಜೀವಿಯೇ? ಇಲ್ಲಿ ಅದರ ಅಭಿಮಾನಿಗಳ ಜೊತೆ ನನಗೆ ಜಗಳ ಇದೆ.

ಒಂದು ಸ್ಟಾಂಡರ್ಡ್ ಹೋಗಿ ಇನ್ನೊಂದು ಬರೋಕೆ ಎರಡನೇ ದಾರಿಯೂ ಇದೆ. ನಮ್ಮ ಕನ್ನಡವನ್ನೇ ನೋಡಿ. ನುಡಿ, ಬರಹದ ಹಳೇ ಫಾಂಟುಗಳಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗೆ ಇದ್ದವು. ಯುನಿಕೋಡ್ ಬಂದಾಗ ಆ ಹಳೇ ಫೈಲುಗಳು ಹಾಗೇ ತೆರೆದುಕೊಳ್ಳಲಿಲ್ಲ, ಕನ್ವರ್ಟರ್ ಬೇಕಾಯ್ತು. ಆದರೂ ಅಂತರ್ಜಾಲದಲ್ಲಿ ಯುನಿಕೋಡ್ ಗೆದ್ದಿತು. ಯಾಕೆಂದರೆ ಹುಡುಕಿದರೆ ಸಿಗಬೇಕು, ಯಾರ ಮೊಬೈಲಿನಲ್ಲಾದರೂ ಕಾಣಬೇಕು ಅನ್ನೋ ಹೊಸ ಬೇಡಿಕೆ ಬಂತು, ಹಳೆಯದಕ್ಕೆ ಅದು ಸಾಧ್ಯವೇ ಇರಲಿಲ್ಲ. ಪ್ರೆಸ್ಸುಗಳಲ್ಲಿ ಆ ಬೇಡಿಕೆ ಇರಲಿಲ್ಲ, ಹಳೇ ಫಾಂಟು ಉಳಿಯಿತು.

ರಿಮ್‌ಫೈರ್‌ಗೆ ಬಂದಿರೋ ಹೊಸ ಬೇಡಿಕೆ ಸೀಸ ಬೇಡ ಅನ್ನೋದು. ಕ್ಯಾಲಿಫೋರ್ನಿಯಾದ ಕಾಂಡರ್ ಹದ್ದುಗಳ ಕಥೆ ಕೇಳಿರಬಹುದು. 1987ರಲ್ಲಿ ಇಡೀ ಜಗತ್ತಿನಲ್ಲಿ ಉಳಿದದ್ದು 27, ಎಲ್ಲವನ್ನೂ ಹಿಡಿದು ಸಾಕಿ ಸಂಖ್ಯೆ ಹೆಚ್ಚಿಸಿದರು. ಮತ್ತೆ ಕಾಡಿಗೆ ಬಿಟ್ಟರೆ, ಬೇಟೆಗಾರರು ಬಿಟ್ಟುಹೋದ ಪ್ರಾಣಿಗಳ ಮಾಂಸದಲ್ಲಿದ್ದ ಸೀಸದ ಚೂರು ತಿಂದು ಸಾಯತೊಡಗಿದವು. ನಮ್ಮ ರಣಹದ್ದುಗಳಿಗೆ ದನಗಳ ನೋವಿನ ಔಷಧಿ ಡೈಕ್ಲೋಫೆನಾಕ್ ಏನಾಯ್ತೋ ಅವಕ್ಕೆ ಸೀಸ ಅದಾಯ್ತು. 2013ರಲ್ಲಿ ಕ್ಯಾಲಿಫೋರ್ನಿಯಾ ಕಾನೂನು ಮಾಡಿತು. 2019ರ ಜುಲೈ 1ರಿಂದ ಅಲ್ಲಿ ಯಾವುದೇ ಬೇಟೆಗೂ ಸೀಸದ ಗುಂಡು ಬಳಸುವ ಹಾಗಿಲ್ಲ. ರೇಂಜಿನಲ್ಲಿ ಗುರಿಗೆ ಹೊಡೆಯೋಕೆ ಅಡ್ಡಿಯಿಲ್ಲ.

ಇಲ್ಲೇ .22ರ 1887ರ ಡಿಸೈನ್ ಕಾಲಿಗೆ ತೊಡರೋದು. ಅದರ ಗುಂಡು ಕವಚದಷ್ಟೇ ದಪ್ಪ, ಹಿಂಭಾಗವನ್ನು ಮಾತ್ರ ಸಣ್ಣ ಮಾಡಿ ಕವಚದೊಳಗೆ ತೂರಿಸಿರುತ್ತಾರೆ. ಮೆತ್ತಗಿನ ಸೀಸಕ್ಕೆ ಇದು ಸರಿ, ಒತ್ತಡಕ್ಕೆ ಅದು ಉಬ್ಬಿ ನಳಿಗೆಯನ್ನು ತುಂಬಿಕೊಳ್ಳುತ್ತೆ. ತಾಮ್ರ ಹಾಗೆ ಉಬ್ಬಲ್ಲ. ಹಗುರ ಕೂಡ, ಸೀಸದ ಸಾಂದ್ರತೆ 11.3 ಇದ್ದರೆ ತಾಮ್ರದ್ದು 8.9. ಸಿಸಿಐ ಕಂಪನಿಯ ಸೀಸವಿಲ್ಲದ .22 ಗುಂಡು ಬರೀ 21 ಗ್ರೇನ್, 40ರ ಅರ್ಧ. .17ರ ಗುಂಡು ಕವಚದ ಒಳಗೇ ಕೂರುವುದರಿಂದ ಅದಕ್ಕೆ ಈ ತೊಂದರೆ ಇಲ್ಲ. .21 ಶಾರ್ಪ್ ಹಿಡಿದಿರೋದೂ ಇದೇ ದಾರಿ. .22 ಎಲ್‌ಆರ್‌ನ ಕವಚವನ್ನೇ ಇಟ್ಟುಕೊಂಡು, ಗುಂಡನ್ನು ಸ್ವಲ್ಪ ಸಣ್ಣ ಮಾಡಿ ಒಳಗೆ ಕೂರಿಸಿದ್ದಾರೆ. ನಳಿಗೆ ಮಾತ್ರ ಹೊಸದು ಬೇಕು. ಇಲ್ಲಿಯವರೆಗೆ ಬಂದ ಹೊಸಬರಲ್ಲಿ ಸರಿಯಾದ ಪ್ರಶ್ನೆಗೆ ಉತ್ತರ ಕೊಡಹೊರಟದ್ದು ಇದೇ ಅಂತ ನನ್ನ ಅನಿಸಿಕೆ. ಗೆಲ್ಲುತ್ತಾ? ಸೀಸಕ್ಕೆ ನಿಷೇಧ ಇರೋ ಕಡೆ ಬೇಟೆಗೆ ಗೆಲ್ಲಬಹುದು. ಬಾಕಿ ಕಡೆ ಹಳೇ ನಳಿಗೆಗಳ ಸಂಖ್ಯೆಯೇ ಅದನ್ನು ತಡೆಯುತ್ತೆ.

ಒಲಿಂಪಿಕ್ ನಿಯಮದಲ್ಲಂತೂ ಗುಂಡು ಸೀಸದ್ದೋ ಅಥವಾ ಅಂಥ ಮೆತ್ತಗಿನ ವಸ್ತುವಿನದ್ದೋ ಆಗಿರಬೇಕು ಅಂತಲೇ ಇದೆ. ಅಂದರೆ ಕ್ರೀಡೆಯಲ್ಲಿ ಸದ್ಯಕ್ಕೆ .22 ಭದ್ರ. ಆದರೆ ಆ ಭದ್ರತೆಯ ಬೆಲೆ ಕೊಡೋರು ಯಾರು? ಗುಂಡು ಮಾತ್ರ ಅಲ್ಲ, ಅಂಚಿನಲ್ಲಿ ಸವರುವ ಸಿಡಿಮದ್ದಿನಲ್ಲೂ ಸಾಮಾನ್ಯವಾಗಿ ಸೀಸದ ಸಂಯುಕ್ತ ಇರುತ್ತೆ. ಪ್ರತಿ ಹೊಡೆತಕ್ಕೂ ಅದರ ಧೂಳು ಗಾಳಿಗೆ ಸೇರುತ್ತೆ. ಗಾಳಿಯಾಡದ ಒಳಾಂಗಣ ರೇಂಜಿನಲ್ಲಿ ದಿನಾ ನಿಲ್ಲೋ ಕೋಚ್, ಗುಡಿಸೋ ಕೆಲಸದವರು, ಹದಿಮೂರು ಹದಿನಾಲ್ಕರ ಮಕ್ಕಳು ಅದನ್ನು ಉಸಿರಾಡ್ತಾರೆ. ಮಕ್ಕಳ ಮಿದುಳಿಗೆ ಸೀಸ ಎಷ್ಟು ಕೆಟ್ಟದ್ದು ಅನ್ನೋದರಲ್ಲಿ ಈಗ ವೈದ್ಯರಲ್ಲಿ ಎರಡು ಮಾತಿಲ್ಲ.

ಪದಕ ಬಂದಾಗ ಚಪ್ಪಾಳೆ ತಟ್ಟೋ ನಾವು, ರೇಂಜುಗಳಲ್ಲಿ ಎಕ್ಸಾಸ್ಟ್ ಫ್ಯಾನ್ ತಿರುಗುತ್ತಾ, ಕೈ ತೊಳೆಯೋಕೆ ಸೋಪು ಇದೆಯಾ, ಮಕ್ಕಳ ರಕ್ತದಲ್ಲಿ ಸೀಸ ಎಷ್ಟಿದೆ ಅಂತ ಯಾರಾದರೂ ಪರೀಕ್ಷೆ ಮಾಡ್ತಾರಾ ಅಂತಲೂ ಕೇಳಬೇಕು. .22 ಇನ್ನೂ ನೂರು ವರ್ಷ ಬಾಳಲಿ ಅಂತ ಬಯಸೋರಿಗೆ .17 ಶತ್ರು ಅಲ್ಲ. ಆ ಹಳೇ ಡಿಸೈನಿನಲ್ಲಿ ಉಳಿದುಹೋಗಿರೋ ಬಗ್ ಸೀಸ. "ಅದು ಫೀಚರ್" ಅಂತ ಹೇಳ್ಕೊಂಡು ಕೂತರೆ, ಒಂದು ದಿನ ಬೇರೆ ಯಾರೋ ಬಂದು ಇಡೀ ಸಿಸ್ಟಮ್ಮನ್ನೇ ಬದಲಾಯಿಸಿಬಿಡ್ತಾರೆ.

ನೀವೇನಂತೀರಿ?