ಕೋಲಿಗೆ ಮುಳ್ಳು ಕಟ್ಟಿದರೆ ಸಾಲದು

ಮಗನ ಮನೆಗೆಂದು ಮೈಸೂರಿನಿಂದಲೋ ಹಾಸನದಿಂದಲೋ ಟೊರಾಂಟೊಗೆ ಹೊರಟ ಅಪ್ಪ–ಅಮ್ಮನ ಪೆಟ್ಟಿಗೆಯಲ್ಲಿ ಸ್ವೆಟರ್ ಇರುತ್ತದೆ, ಮಂಕಿ ಕ್ಯಾಪ್ ಇರುತ್ತದೆ, ಚಟ್ನಿಪುಡಿಯಂತೂ ಇದ್ದೇ ಇರುತ್ತದೆ. ಊರುಗೋಲು ಮಾತ್ರ ಇದ್ದ ಹಾಗೆಯೇ ವಿಮಾನ ಹತ್ತುತ್ತದೆ. ಬೀದಿ ಕೊನೆಯ ಮೆಡಿಕಲ್ ಶಾಪಿನಲ್ಲಿ ಕೊಂಡದ್ದು, ತುದಿಯ ರಬ್ಬರ್ ಒಂದು ಬದಿಗೆ ಸವೆದದ್ದು. ಮೊಸಾಯಿಕ್ ನೆಲದ ಮೇಲೆ ವರ್ಷಗಟ್ಟಲೆ ನಂಬಿಕೆ ಉಳಿಸಿಕೊಂಡ ಆ ಕೋಲು ಕೆನಡಾದ ಡಿಸೆಂಬರ್‌ನಲ್ಲಿ ಕೈಕೊಡುತ್ತದೆ. ಚಳಿಗೆ ರಬ್ಬರ್ ಗಡುಸಾಗುತ್ತದೆ. ಗಡುಸಾದ ರಬ್ಬರ್‌ಗೆ ಮಂಜುಗಡ್ಡೆಯ ಮೇಲೆ ಹಿಡಿತವಿಲ್ಲ.

ಚಳಿ ಹೆಚ್ಚಿದಷ್ಟೂ ಜಾರಿಕೆ ಹೆಚ್ಚು ಎಂದು ನಾವು ಊಹಿಸುತ್ತೇವೆ. ವಾಸ್ತವ ತಿರುಗುಮುರುಗು. ಮೈನಸ್ 25ರಲ್ಲಿ ಮಂಜುಗಡ್ಡೆ ಒಣಕಲು, ಹೆಜ್ಜೆ ತಕ್ಕಮಟ್ಟಿಗೆ ನಿಲ್ಲುತ್ತದೆ. ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಗಡ್ಡೆಯ ಮೇಲೆ ನೀರಿನ ತೆಳುಪದರ ನಿಂತಾಗಲೇ ಅಪಾಯ. ಹಗಲು ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟಿದ, ಕಣ್ಣಿಗೆ ಬರೀ ಒದ್ದೆ ಟಾರಿನಂತೆ ಕಾಣುವ ‘ಕಪ್ಪು ಮಂಜು’ ಇನ್ನೂ ಮೋಸಗಾರ. ‘ಇವತ್ತು ಬಿಸಿಲಿದೆ, ಒಂದು ಸುತ್ತು ಹೋಗಿ ಬರುತ್ತೇನೆ’ ಎನ್ನುವ ದಿನವೇ ಹುಷಾರಾಗಿರಬೇಕಾದ ದಿನ.

ಇದಕ್ಕೆ ಅಲ್ಲಿನ ಔಷಧಿ ಅಂಗಡಿಗಳಲ್ಲೇ ಸುಲಭದ ಸಾಧನವಿದೆ: ಕೋಲಿನ ಬುಡಕ್ಕೆ ತಿರುಪಿನಿಂದ ಬಿಗಿಯುವ ನಾಲ್ಕೈದು ಉಕ್ಕಿನ ಮುಳ್ಳುಗಳ ಪಟ್ಟಿ. ಹೊರಗೆ ಹೊರಟಾಗ ಮುಳ್ಳನ್ನು ಕೆಳಕ್ಕೆ ಮಡಚಬೇಕು, ಒಳಗೆ ಬಂದೊಡನೆ ಮೇಲಕ್ಕೆ. ಈ ಎರಡನೆಯದನ್ನು ಮರೆಯುವವರೇ ಹೆಚ್ಚು. ಗಡ್ಡೆಯನ್ನು ಕಚ್ಚಿ ಹಿಡಿದ ಅದೇ ಉಕ್ಕು ಮಾಲ್‌ನ ಟೈಲ್ಸ್ ಮೇಲೆ ಜಾರುತ್ತದೆ. ಮರಗಟ್ಟಿದ ಬೆರಳುಗಳಿಂದ, ಬಗ್ಗಲಾರದ ಸೊಂಟದಿಂದ ಅದನ್ನು ಮಡಚುವುದು ಹೇಗೆಂದು ಹೊರಗೆ ಕಾಲಿಡುವ ಮೊದಲೇ ಮನೆಯಲ್ಲಿ ಕೂತು ಅಭ್ಯಾಸ ಮಾಡಿಕೊಳ್ಳಬೇಕು.

ಗಾಲಿಕುರ್ಚಿಯ ತಯಾರಿ ಇನ್ನೂ ದೊಡ್ಡದು. ಮುಂದಿನ ಪುಟ್ಟ ಗಾಲಿಗಳು ಹಿಮದಲ್ಲಿ ನೇಗಿಲಿನಂತೆ ಹೂತುಕೊಳ್ಳುತ್ತವೆ. ತಳ್ಳುವವರು ಕುರ್ಚಿಯನ್ನು ಕೊಂಚ ಹಿಂದಕ್ಕೆ ವಾಲಿಸಿ ದೊಡ್ಡ ಗಾಲಿಗಳ ಮೇಲೆ ಒಯ್ಯುವುದು ಕಲಿಯಬೇಕು. ಚಳಿಗೆ ಟೈರಿನ ಗಾಳಿಯ ಒತ್ತಡ ಇಳಿಯುತ್ತದೆ, ಬ್ರೇಕು ಸಡಿಲವಾಗುತ್ತದೆ. ರಸ್ತೆಗೆ ಚೆಲ್ಲುವ ಉಪ್ಪು ಬೇರಿಂಗ್‌ಗಳನ್ನು ತಿನ್ನುತ್ತದೆ. ಮನೆಗೆ ಬಂದಾಗ ಎಮ್ಮೆ ಮೈ ಒರೆಸಿದಷ್ಟು ಮುತುವರ್ಜಿಯಿಂದ ಗಾಲಿ ಒರೆಸುವುದು ಶೋಕಿಯಲ್ಲ. ಬ್ಯಾಟರಿ ಕುರ್ಚಿಯವರಿಗೆ ಲೆಕ್ಕವೇ ಬೇರೆ: ಸೀಸ–ಆಮ್ಲ ಬ್ಯಾಟರಿ ಸೊನ್ನೆ ಡಿಗ್ರಿಯಲ್ಲೇ ತನ್ನ ಸಾಮರ್ಥ್ಯದ ಸುಮಾರು ಐದನೇ ಒಂದು ಭಾಗ ಕಳೆದುಕೊಳ್ಳುತ್ತದೆ. ಲಿಥಿಯಂ ಬ್ಯಾಟರಿಯನ್ನು ಕೊರೆಯುವ ಗ್ಯಾರೇಜಿನಲ್ಲಿಟ್ಟು ಚಾರ್ಜ್ ಮಾಡಿದರೆ ಅದರ ಆಯುಸ್ಸೇ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೋಗಿಬಂದ ಗ್ರಂಥಾಲಯಕ್ಕೆ ಚಳಿಗಾಲದಲ್ಲಿ ಹೋಗಬಹುದು, ಹಿಂದಿರುಗಲಾಗದಿರಬಹುದು.

ಇಷ್ಟೆಲ್ಲ ಮಾಡಿದವರೂ ಬೀದಿ ಮೂಲೆಯಲ್ಲಿ ನಿಂತುಬಿಡುತ್ತಾರೆ. ನನ್ನ ತಕರಾರು ಶುರುವಾಗುವುದು ಅಲ್ಲಿಂದ. ಹಿಮ ಬಾಚುವ ವಾಹನ ರಸ್ತೆಯನ್ನು ಗುಡಿಸಿ, ಬಾಚಿದ್ದನ್ನೆಲ್ಲ ಅಂಚಿಗೆ ತಳ್ಳುತ್ತದೆ. ಆ ಅಂಚಿನಲ್ಲೇ ಕಾಲುದಾರಿ ರಸ್ತೆಗಿಳಿಯುವ ಇಳಿಜಾರು ಇರುವುದು. ಮೊಣಕಾಲೆತ್ತರದ ದಿಬ್ಬವೊಂದು ಅಡ್ಡ ಬಿದ್ದಿರುತ್ತದೆ, ರಾತ್ರಿ ಕಳೆದರೆ ಕಲ್ಲಾಗುತ್ತದೆ. ಟೊರಾಂಟೊದ ಪುನಶ್ಚೇತನ ಸಂಶೋಧಕರು ಚಳಿಗಾಲದ ಬೂಟುಗಳನ್ನು ಓರೆಯಾಗುವ ಮಂಜು ನೆಲದ ಮೇಲೆ ಪರೀಕ್ಷಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. 7 ಡಿಗ್ರಿ ಇಳಿಜಾರಿನಲ್ಲಿ ಜಾರದಿದ್ದರೆ ಪಾಸು. ಅಲ್ಲಿನ ಬೀದಿ ಮೂಲೆಯ ಇಳಿಜಾರುಗಳನ್ನು ನೋಡಿಯೇ ಇಟ್ಟ ಅಳತೆ ಅದು. 98 ಬಗೆಯ ಬೂಟುಗಳಲ್ಲಿ ಪಾಸಾದದ್ದು ಶೇ 8ರಷ್ಟು. ಎರಡು ಕಾಲು ಗಟ್ಟಿಯಿರುವವರ ಗತಿಯೇ ಇದಾದರೆ ಕೋಲು, ಗಾಲಿಕುರ್ಚಿಯವರ ಪಾಡೇನು?

ಆ ದಿಬ್ಬ ಯಾರದ್ದು? ಟೊರಾಂಟೊದಲ್ಲಿ 2021–22ರ ಚಳಿಗಾಲದಿಂದ ಹೆಚ್ಚೂಕಡಿಮೆ ಎಲ್ಲ ಕಾಲುದಾರಿಗಳ ಹೊಣೆಯನ್ನು ನಗರಾಡಳಿತ ತಾನೇ ಹೊತ್ತಿದೆ. ಅದಕ್ಕೂ ಮೊದಲು ನಗರದ ಒಂದಷ್ಟು ಭಾಗಗಳಲ್ಲಿ ಮನೆಯವರೇ ಗುದ್ದಲಿ ಹಿಡಿಯಬೇಕಿತ್ತು. ಕ್ಯಾಲ್ಗರಿಯಲ್ಲಿ ಈಗಲೂ ಹಿಮ ನಿಂತ 24 ಗಂಟೆಯೊಳಗೆ ಮನೆಮುಂದಿನ ದಾರಿ ತೆರವು ಮಾಡುವುದು ಮನೆಯವರ ಕರ್ತವ್ಯ. ಒಬ್ಬ ಮಾಡಿ, ಪಕ್ಕದವನು ಬಿಟ್ಟರೆ ಗಾಲಿಕುರ್ಚಿಯ ಪಾಲಿಗೆ ಇಡೀ ಬೀದಿಯೇ ಮುಚ್ಚಿದಂತೆ.

ಬಿದ್ದರೆ? ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯದ ಪೌರಾಡಳಿತ ಕಾಯ್ದೆ ಹೇಳುತ್ತದೆ: ಕಾಲುದಾರಿಯ ಹಿಮ, ಮಂಜಿನಿಂದಾದ ಗಾಯಕ್ಕೆ ನಗರಾಡಳಿತ ಹೊಣೆಯಲ್ಲ, ಘೋರ ನಿರ್ಲಕ್ಷ್ಯವಿದ್ದರೆ ಮಾತ್ರ ಹೊಣೆ. ದೂರುವವರು 10 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು. ಸೊಂಟದ ಮೂಳೆ ಮುರಿದು ಮಲಗಿದವರಿಗೆ 10 ದಿನ! ಇದೇ ಪ್ರಾಂತ್ಯ 2005ರಲ್ಲಿ ಅಂಗವಿಕಲರ ಪ್ರವೇಶ ಸೌಲಭ್ಯದ ಕಾಯ್ದೆ ತಂದು, 2025ರ ಹೊತ್ತಿಗೆ ಎಲ್ಲವೂ ಎಲ್ಲರಿಗೂ ಎಟುಕಬೇಕೆಂದು ಗಡುವು ಹಾಕಿಕೊಂಡಿತ್ತು. ಗಡುವು ಮುಗಿದಿದೆ, ದಿಬ್ಬ ಇದೆ.

ಮಕ್ಕಳ ಮನೆಗೆ ಬರುವ ಹಿರಿಯರಿಗೆ ಕೆನಡಾ ಕೊಡುವ ಸೂಪರ್ ವೀಸಾ ಈಗ ಒಂದು ಬಾರಿಗೆ 5 ವರ್ಷದವರೆಗೆ ಉಳಿಯಲು ಬಿಡುತ್ತದೆ. ಅಂದರೆ ಐದು ಚಳಿಗಾಲ. ಆದರೆ ಗಾಲಿಕುರ್ಚಿಯಂಥ ಸಾಧನಗಳ ಬೆಲೆಯ ಶೇ 75ರಷ್ಟನ್ನು ಭರಿಸುವ ಒಂಟಾರಿಯೊದ ಯೋಜನೆ ಅಲ್ಲಿನ ಆರೋಗ್ಯ ಕಾರ್ಡ್ ಇದ್ದವರಿಗಷ್ಟೇ. ನಮ್ಮ ಅಪ್ಪ–ಅಮ್ಮ ಕೈಯಿಂದಲೇ ಕೊಳ್ಳಬೇಕು. ಕೊಳ್ಳಲು ಮಕ್ಕಳೂ ಹಿಂಜರಿಯುವುದಿಲ್ಲ, ಅವರಿಗದು ಹೊಳೆಯುವುದಿಲ್ಲ ಅಷ್ಟೇ. ‘ಚಳಿಗಾಲ ಮುಗಿಯುವವರೆಗೆ ಒಳಗೇ ಇರಿ’ ಎನ್ನುವುದು ಅವರ ಪ್ರೀತಿಯ ಉಪಾಯ. ನಾಲ್ಕು ತಿಂಗಳು ಕಿಟಕಿಯಿಂದ ಬೀದಿ ನೋಡುತ್ತ ಕೂತವರ ಕಾಲು ಏಪ್ರಿಲ್ ಹೊತ್ತಿಗೆ ಇನ್ನಷ್ಟು ಬಲಗುಂದಿರುತ್ತದೆ.

ಬೇರೆ ದಾರಿಗಳಿವೆ. ಸ್ವೀಡನ್ನಿನ ಕಾರ್ಲ್ಸ್‌ಕೂಗಾ ಎಂಬ ಚಿಕ್ಕ ಊರು ಬಾಚುವ ಸರದಿಯನ್ನೇ ತಿರುವಿಹಾಕಿತು: ಮೊದಲು ಕಾಲುದಾರಿ, ಬಸ್ ನಿಲ್ದಾಣ, ಶಿಶುವಿಹಾರದ ಸುತ್ತು, ಆಮೇಲೆ ಮುಖ್ಯರಸ್ತೆ. ಹಿಮದಲ್ಲಿ ಕಾರು ನಿಧಾನಕ್ಕಾದರೂ ಸಾಗೀತು, ಮಗುವಿನ ತಳ್ಳುಗಾಡಿ ಸಾಗದು ಎಂಬ ಸರಳ ತರ್ಕ. ಸ್ಟಾಕ್‌ಹೋಮ್ ಇದನ್ನೇ ಕೈಗೊಂಡಾಗ 2016ರ ನವೆಂಬರ್‌ನ ಭಾರಿ ಹಿಮಪಾತದಲ್ಲಿ ನಗರ ಸ್ತಬ್ಧಗೊಂಡು ನಗೆಪಾಟಲಾಯಿತು, ನಿಜ. ದಾಖಲೆ ಹಿಮ ಬಿದ್ದ ಒಂದು ವಾರವನ್ನು ಹಿಡಿದು ಸರದಿಯೇ ತಪ್ಪೆನ್ನುವುದು ಸರಿಯಲ್ಲ. ಅಮೆರಿಕದ ಮಿಷಿಗನ್‌ನ ಹಾಲೆಂಡ್ ಪಟ್ಟಣ 1988ರಿಂದಲೇ ಪೇಟೆಬೀದಿಯ ಅಡಿಯಲ್ಲಿ ಕೊಳವೆ ಹಾಸಿ, ವಿದ್ಯುತ್ ಸ್ಥಾವರದ ಬಿಸಿನೀರು ಹರಿಸಿ ಹಿಮ ಕರಗಿಸುತ್ತಿದೆ. ಎಲ್ಲ ಊರಿಗೂ ಅದು ಕೈಗೆಟುಕದು. ಬೀದಿ ಮೂಲೆಯ ಎರಡು ಗಜದ ದಿಬ್ಬಕ್ಕೆ ಗುದ್ದಲಿ ಹಿಡಿದ ಒಂದು ತಂಡ ಕಳುಹಿಸುವುದಂತೂ ಎಟುಕುತ್ತದೆ.

ಹಿಮದ ಊರುಗಳ ಕನ್ನಡ ಕೂಟಗಳು ರಾಜ್ಯೋತ್ಸವ ಆಚರಿಸುವುದು ನವೆಂಬರ್‌ನಲ್ಲಿ, ಮೊದಲ ಹಿಮದ ಹೊತ್ತಿಗೇ. ಸಭಾಂಗಣದ ಬಾಗಿಲಲ್ಲಿ ಚಪ್ಪಲಿ ಸ್ಟ್ಯಾಂಡ್ ಇಡುತ್ತಾರೆ. ಅದರ ಪಕ್ಕ ಗಾಲಿ ಒರೆಸಲು ಹಳೆಯ ಟವೆಲ್ಲೊಂದು, ಕೂತು ಮುಳ್ಳು ಮಡಚಿಕೊಳ್ಳಲು ಕುರ್ಚಿಯೊಂದು ಇಡಲಿ. ಒಳಗೆ ಕಾರ್ಯಕ್ರಮಕ್ಕೆ ಅತಿಥಿಯಾಗಿ ಬಂದ ನಗರಸಭಾ ಸದಸ್ಯರನ್ನು, ಶಾಲು ಹೊದಿಸುವ ಮೊದಲು, ಹೊರಗಿನ ಬೀದಿ ಮೂಲೆಯವರೆಗೆ ಒಮ್ಮೆ ನಡೆಸಿಕೊಂಡು ಹೋಗಲಿ.