ಲಾರಿ ತಪಾಸಣೆ: ಕಾಣದ ವಿಷವನ್ನೂ ಅಳೆಯಿರಿ

ಪೆಟ್ರೋಲ್ ಬಂಕಿನ ಮೂಲೆಯ ಎಮಿಷನ್ ಟೆಸ್ಟ್ ಕೇಂದ್ರದಲ್ಲಿ ಡೀಸೆಲ್ ಲಾರಿಗೆ ನಡೆಯುವ ಪರೀಕ್ಷೆ ಇಷ್ಟೇ: ನಿಂತಲ್ಲೇ ಆಕ್ಸಿಲರೇಟರ್ ಒತ್ತಿ, ಸೈಲೆನ್ಸರ್‌ಗೆ ನಳಿಕೆ ತೂರಿಸಿ, ಹೊಗೆ ಎಷ್ಟು ದಟ್ಟವಾಗಿದೆ ಎಂದು ನೋಡುವುದು. ಶ್ವಾಸಕೋಶಕ್ಕೆ ಘಾಸಿ ಮಾಡುವ ಸಾರಜನಕದ ಆಕ್ಸೈಡ್‌ಗಳನ್ನು ಅಲ್ಲಿ ಅಳೆಯುವುದೇ ಇಲ್ಲ.

2020ರ ಏಪ್ರಿಲ್ 1ರಂದು ಜಾರಿಗೆ ಬಂದ ಬಿಎಸ್-6 (ಭಾರತ್ ಸ್ಟೇಜ್-6) ಮಾಲಿನ್ಯ ಮಾನದಂಡ, ಭಾರಿ ಡೀಸೆಲ್ ಎಂಜಿನ್‌ಗಳಿಗೆ ಈ ಅನಿಲಗಳ ಮಿತಿಯನ್ನು ಕಿಲೋವ್ಯಾಟ್-ಗಂಟೆಗೆ 3.5 ಗ್ರಾಂನಿಂದ 0.46 ಗ್ರಾಂಗೆ ಇಳಿಸಿತು. ಅದನ್ನು ಸಾಧಿಸಲೆಂದೇ ಹೊಸ ಲಾರಿಗಳಲ್ಲಿ ಈ ಅನಿಲಗಳನ್ನು ತಗ್ಗಿಸುವ ಯೂರಿಯಾ ದ್ರಾವಣದ ಟ್ಯಾಂಕ್ ಇದೆ. ದ್ರಾವಣದ ಖರ್ಚು ಉಳಿಸಲು ಎಂಜಿನ್‌ನ ಕಂಪ್ಯೂಟರ್‌ಗೆ ಸುಳ್ಳು ಸಂಕೇತ ಕೊಡುವ ಸಾಧನ ಜೋಡಿಸಿದರೂ ಹೊಗೆ ಕಪ್ಪಾಗುವುದಿಲ್ಲ. ಸರ್ಟಿಫಿಕೇಟ್ ಸಲೀಸಾಗಿ ಸಿಗುತ್ತದೆ.

ಅಮೆರಿಕದ ಕ್ಯಾಲಿಫೋರ್ನಿಯಾ ಈ ಲೋಪಕ್ಕೆ ದಾರಿ ಕಂಡುಕೊಂಡಿದೆ. 14,000 ಪೌಂಡ್ ಮೀರಿದ ಬಹುಪಾಲು ಡೀಸೆಲ್ ವಾಹನಗಳು ಅಲ್ಲಿ ವರ್ಷಕ್ಕೆ ಎರಡು ಬಾರಿ ಪರೀಕ್ಷೆಗೆ ಒಳಪಡಬೇಕು. ಹೊಸ ಎಂಜಿನ್‌ಗಳಾದರೆ, ಎಂಜಿನ್ ಮತ್ತು ಮಾಲಿನ್ಯ ನಿಯಂತ್ರಣದ ದೋಷಗಳನ್ನು ಪತ್ತೆಹಚ್ಚುವ ವಾಹನದ ಒಬಿಡಿ ವ್ಯವಸ್ಥೆಯಲ್ಲಿ ದಾಖಲಾದ ಮಾಹಿತಿಯನ್ನೇ ಸಲ್ಲಿಸಬೇಕು. ರಸ್ತೆಬದಿಯ ಸಂವೇದಕಗಳು ಹೆಚ್ಚು ಮಾಲಿನ್ಯ ಉಗುಳುವ ಲಾರಿಗಳನ್ನು ಗುರುತಿಸುತ್ತವೆ.

ನಮ್ಮ ಬಿಎಸ್-6 ಲಾರಿಗಳಲ್ಲೂ ಒಬಿಡಿ ಇದೆ. ಅದನ್ನು ಓದುವುದು ಕಡ್ಡಾಯವಾಗಿಲ್ಲ, ಅಷ್ಟೇ. ಕೇಂದ್ರ ಹೆದ್ದಾರಿ ಸಚಿವಾಲಯ ನಿಯಮ ತಿದ್ದಬೇಕು. ಸಾರಿಗೆ ಇಲಾಖೆಗಳು ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ತಪಾಸಣೆಯಲ್ಲೇ ಒಬಿಡಿ ಓದುವುದನ್ನು ಆರಂಭಿಸಬೇಕು. ಸುಳ್ಳು ಸಂಕೇತದ ಸಾಧನ ಮಾರುವವರಿಗೂ ಜೋಡಿಸುವವರಿಗೂ ಶಿಕ್ಷೆಯಾಗಬೇಕು. ಚಾಲಕನೊಬ್ಬನಿಗೆ ದಂಡ ಹಾಕಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ.