ಪರಭಾಷೆಯ ಓದು ಯಾರ ಮಕ್ಕಳಿಗೆ?

ವಿಶ್ವವಿದ್ಯಾನಿಲಯದಲ್ಲಿ ಅಂತಾರಾಷ್ಟ್ರೀಯ ಸಂಬಂಧಗಳ ಶಾಸ್ತ್ರವನ್ನೂ ಅದರೊಡನೆ ಒಂದು ಪರಭಾಷೆಯನ್ನೂ ಓದುವುದು ಸಿರಿವಂತರ ಮಕ್ಕಳ ಷೋಕಿಯೆಂದು ನಮ್ಮ ಪೇಟೆಯಲ್ಲಿ ಅನೇಕರು ತಿಳಿದಿದ್ದಾರೆ. ನಾವು ಇದನ್ನು ಒಪ್ಪುವುದಿಲ್ಲ.

2011ರ ಕೇಂದ್ರ ಆಯವ್ಯಯದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇಕಡ 30ರಿಂದ 5ಕ್ಕೆ ಇಳಿಯಿತು. ಚೀನಾದ ರೇಷ್ಮೆ ಅಗ್ಗವಾಗಿ ಬಂದಿತು. ರಾಮನಗರದ ಮಾರುಕಟ್ಟೆಯಲ್ಲಿ ಗೂಡಿನ ಬೆಲೆ ಕುಸಿದು ಬೆಳೆಗಾರರು ಬೀದಿಗಿಳಿದರು. ಮಗ್ಗದವನಿಗೆ ಅಗ್ಗದ ನೂಲು ಬೇಕು, ಬೆಳೆಗಾರನಿಗೆ ಬೆಲೆ ಬೇಕು. ಇವರಿಬ್ಬರ ನಡುವೆ ನ್ಯಾಯ ಹೇಳುವವನು ಚೀನಾದ ಸರಕು ಏಕೆ ಅಗ್ಗವೆಂಬುದನ್ನು ಚೀನೀ ಭಾಷೆಯ ಪತ್ರಗಳಲ್ಲೇ ಓದಿ ತಿಳಿಯಬೇಡವೇ? ದಲ್ಲಾಳಿ ಹೇಳಿದ್ದನ್ನೇ ನಂಬಿ ಕೂರಬೇಕೇ?

ಈ ಶಾಸ್ತ್ರದ ಮೊದಲ ಪ್ರಾಧ್ಯಾಪಕ ಪೀಠ ಹುಟ್ಟಿದ್ದು ಯಾವ ರಾಜಧಾನಿಯಲ್ಲೂ ಅಲ್ಲ. 1919ರಲ್ಲಿ, ಮಹಾಯುದ್ಧದಲ್ಲಿ ಮಡಿದ ವಿದ್ಯಾರ್ಥಿಗಳ ನೆನಪಿಗಾಗಿ, ವೇಲ್ಸ್ ನಾಡಿನ ಅಬರಿಸ್ಟ್ವಿತ್ ಎಂಬ ಸಣ್ಣ ಊರಿನಲ್ಲಿ. ಹಣ ಕೊಟ್ಟದ್ದು ಕಲ್ಲಿದ್ದಲ ಗಣಿಗಳ ಒಡೆಯರ ಮನೆತನ. ಆ ಹಣ ಯಾರ ಬೆವರೆಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ.

ದೆಹಲಿಯಲ್ಲಿ 1955ರಲ್ಲಿ ಆರಂಭವಾದ ಅಂತಾರಾಷ್ಟ್ರೀಯ ಅಧ್ಯಯನ ಶಾಲೆ 1970ರಲ್ಲಿ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯವನ್ನು ಸೇರಿತು. ಅದೇ ಆವರಣದಲ್ಲಿ ಚೀನೀ, ಅರಬ್ಬೀ, ರಷ್ಯನ್, ಜಪಾನೀ ಭಾಷೆಗಳ ಬಿ.ಎ. ತರಗತಿಗಳಿವೆ, ಹನ್ನೆರಡನೆಯ ತರಗತಿ ಮುಗಿಸಿದವರು ಪ್ರವೇಶ ಪರೀಕ್ಷೆ ಬರೆದು ಸೇರಬಹುದು. ಆದರೆ ಈ ಸುದ್ದಿ ನಮ್ಮ ಕಾಲೇಜುಗಳ ಸೂಚನಾ ಫಲಕ ಹತ್ತಿದ್ದನ್ನು ನಾವು ಕಂಡಿಲ್ಲ.

ದೆಹಲಿ ದೂರವೆನ್ನುವವರಿಗಾಗಿ ಸರ್ಕಾರ ಜಿಲ್ಲೆಗೊಂದು ಕಾಲೇಜಿನಲ್ಲಿ ಚೀನೀಯನ್ನೋ ಅರಬ್ಬಿಯನ್ನೋ ಕಲಿಸುವ ಸಂಜೆ ತರಗತಿ ತೆರೆಯಲಿ. ಹೊತ್ತು ಮಾತ್ರ ಗಿರಣಿಯ ಪಾಳಿ ಬಿಟ್ಟ ಮೇಲಿನದಾಗಿರಲಿ.